ಕಿರಿದಾದ ಅಪಧಮನಿಗೆ ಆಕರಕೋಶ: ಭರವಸೆ ಎಷ್ಟು, ಪುರಾವೆ ಎಷ್ಟು?

ಮೂರ್ನಾಲ್ಕು ಬಗೆಯ ಮಾತ್ರೆ ನುಂಗಿದರೂ ಇಳಿಯದ ರಕ್ತದೊತ್ತಡದ ಮೂಲ ಕೆಲವೊಮ್ಮೆ ಮೂತ್ರಪಿಂಡದಲ್ಲಿ ಅಡಗಿರುತ್ತದೆ. ಮೂತ್ರಪಿಂಡಕ್ಕೆ ರಕ್ತ ಒಯ್ಯುವ ಅಪಧಮನಿ ಕಿರಿದಾದರೆ, ರಕ್ತ ಸಾಲದೆ ಆ ಅಂಗವು ರೆನಿನ್ ಎಂಬ ಕಿಣ್ವವನ್ನು ಹೆಚ್ಚಾಗಿ ಸ್ರವಿಸುತ್ತದೆ. ಪರಿಣಾಮವಾಗಿ ಇಡೀ ದೇಹದ ರಕ್ತದೊತ್ತಡ ಏರುತ್ತದೆ. ಅಮೆರಿಕದ ಹ್ಯಾರಿ ಗೋಲ್ಡ್‌ಬ್ಲಾಟ್ 1934ರಲ್ಲಿ ನಾಯಿಗಳ ಅಪಧಮನಿಯನ್ನು ಬಿಗಿದು, ಇಂತಹ ಅಡಚಣೆಯಿಂದ ರಕ್ತದೊತ್ತಡ ಏರುವುದನ್ನು ತೋರಿಸಿದ್ದರು.

ಕಿರಿದಾದ ನಾಳವನ್ನು ಅಗಲಿಸಿದರೆ ಕಾಯಿಲೆ ಗುಣವಾಗಬೇಕಲ್ಲವೇ? ಈ ತರ್ಕದಂತೆ ಸ್ಟೆಂಟ್ ಅಳವಡಿಸುವ ಪದ್ಧತಿ ವ್ಯಾಪಕವಾಯಿತು. ಆದರೆ 806 ರೋಗಿಗಳನ್ನು ಒಳಗೊಂಡು 2009ರಲ್ಲಿ ಪ್ರಕಟವಾದ ‘ಆಸ್ಟ್ರಲ್’ ಅಧ್ಯಯನವಾಗಲಿ, 900ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ‘ಕೋರಲ್’ ಅಧ್ಯಯನವಾಗಲಿ ಈ ನಿರೀಕ್ಷೆಯನ್ನು ಎತ್ತಿಹಿಡಿಯಲಿಲ್ಲ. ಕೊಬ್ಬು ಕಟ್ಟಿ ನಾಳ ಕಿರಿದಾದವರಲ್ಲಿ, ಔಷಧದ ಜೊತೆಗೆ ಸ್ಟೆಂಟ್ ಹಾಕಿಸಿಕೊಂಡವರಿಗೂ ಬರೀ ಔಷಧ ಸೇವಿಸಿದವರಿಗೂ ಒಟ್ಟಾರೆಯಾಗಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಆಯ್ದ ಕೆಲವು ರೋಗಿಗಳಿಗೆ ಮಾತ್ರ ಸ್ಟೆಂಟ್ ಇಂದಿಗೂ ಅಗತ್ಯವಾಗಬಹುದು.

ಇದಕ್ಕೆ ಕಾರಣವೂ ಸ್ಪಷ್ಟವಾಗುತ್ತಿದೆ. ಬಹುಕಾಲ ರಕ್ತದ ಕೊರತೆ ಅನುಭವಿಸಿದ ಮೂತ್ರಪಿಂಡದಲ್ಲಿ ಸೂಕ್ಷ್ಮ ರಕ್ತನಾಳಗಳು ನಶಿಸಿ, ಉರಿಯೂತ ನೆಲೆಯೂರಿರುತ್ತದೆ. ಮುಖ್ಯ ಕಾಲುವೆಯ ಹೂಳೆತ್ತಿದ ಮಾತ್ರಕ್ಕೆ ಒಣಗಿದ ಗದ್ದೆ ಹಸಿರಾಗದು. ಸ್ಟೆಮ್ ಸೆಲ್ ಎಂದು ಕರೆಯಲಾಗುವ ಆಕರಕೋಶಗಳ ಪ್ರಯೋಗ ಆರಂಭವಾಗುವುದು ಇಲ್ಲಿಯೇ. ಈ ಕೋಶಗಳು ಕಿರಿದಾದ ನಾಳವನ್ನು ಅಗಲಿಸುವುದಿಲ್ಲ. ಅವು ಸ್ರವಿಸುವ ಅಂಶಗಳು ಉರಿಯೂತವನ್ನು ತಗ್ಗಿಸಿ ಸೂಕ್ಷ್ಮ ನಾಳಗಳ ದುರಸ್ತಿಗೆ ನೆರವಾಗಬಹುದೆಂಬುದು ಸಂಶೋಧಕರ ನಿರೀಕ್ಷೆ.

ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಲಿಲಾಕ್ ಲೆರ್ಮನ್ ಮತ್ತು ಸ್ಟೀಫನ್ ಟೆಕ್ಸ್ಟರ್ ಅವರ ತಂಡ ಮೊದಲು ಹಂದಿಗಳ ಮೇಲೆ, ನಂತರ ಮನುಷ್ಯರ ಮೇಲೆ ಇದನ್ನು ಪರೀಕ್ಷಿಸಿತು. ರೋಗಿಯ ಹೊಟ್ಟೆಯ ಕೊಬ್ಬಿನಿಂದಲೇ ಕೋಶಗಳನ್ನು ಪಡೆದು, ಪ್ರಯೋಗಾಲಯದಲ್ಲಿ ಬೆಳೆಸಿ, ಮೂತ್ರಪಿಂಡದ ಅಪಧಮನಿಯೊಳಗೆ ಹರಿಸಲಾಯಿತು. 14 ರೋಗಿಗಳ ಮೇಲೆ ನಡೆದ ಪ್ರಯೋಗದ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಮೂರು ತಿಂಗಳ ಬಳಿಕ ಬಾಧಿತ ಮೂತ್ರಪಿಂಡದ ರಕ್ತಸಂಚಾರ ಹೆಚ್ಚಿ, ಆಮ್ಲಜನಕದ ಕೊರತೆ ತಗ್ಗಿತ್ತು. 2020ರ ವರದಿಯಲ್ಲಿ ಈ ಸಂಖ್ಯೆ 21ಕ್ಕೆ ಏರಿತು.

ಫಲಿತಾಂಶ ಆಶಾದಾಯಕ, ನಿಜ. ಆದರೆ ರೋಗಿಗಳ ಸಂಖ್ಯೆ ಬೆರಳೆಣಿಕೆಯದು, ಅವಧಿ ಅಲ್ಪ. ಹೋಲಿಕೆಗೆ ಬಳಸಿದ ಗುಂಪನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಆರಿಸಿರಲಿಲ್ಲ. ಡಯಾಲಿಸಿಸ್ ತಪ್ಪುತ್ತದೆಯೇ, ಆಯುಷ್ಯ ಹೆಚ್ಚುತ್ತದೆಯೇ ಎಂಬ ಪ್ರಶ್ನೆಗಳಿಗೆ ಉತ್ತರಿಸುವ ಶಕ್ತಿ ಇಂತಹ ಆರಂಭಿಕ ಪ್ರಯೋಗಗಳಿಗಿಲ್ಲ. ನೂರಾರು ರೋಗಿಗಳ ಪರೀಕ್ಷೆಯಲ್ಲಿ ಸ್ಟೆಂಟ್‌ನ ಭರವಸೆಯೇ ಮಂಕಾದುದನ್ನು ಮರೆಯಲಾಗದು.

ಭಾರತದಲ್ಲಿ ಇನ್ನೊಂದು ತೊಡಕಿದೆ. ಇಲ್ಲಿ ಯುವಜನರಲ್ಲಿ, ಅದರಲ್ಲೂ ಯುವತಿಯರಲ್ಲಿ, ಈ ನಾಳ ಕಿರಿದಾಗಲು ಟಕಾಯಾಸು ಎಂಬ ರಕ್ತನಾಳದ ಉರಿಯೂತ ಪ್ರಮುಖ ಕಾರಣ. ಅಮೆರಿಕದ ಪ್ರಯೋಗ ನಡೆದದ್ದು ಕೊಬ್ಬು ಕಟ್ಟಿದ ನಾಳವುಳ್ಳ ರೋಗಿಗಳ ಮೇಲೆ. ಅಲ್ಲಿನ ಫಲಿತಾಂಶವನ್ನು ಇವರಿಗೆ ನೇರವಾಗಿ ಅನ್ವಯಿಸಲಾಗದು. ಬೆಂಗಳೂರಿನ ಸ್ಟೆಮ್‌ಪ್ಯೂಟಿಕ್ಸ್ ಸಂಸ್ಥೆಯ ಆಕರಕೋಶ ಉತ್ಪನ್ನಕ್ಕೆ 2016ರಲ್ಲಿ ಸೀಮಿತ ಅನುಮತಿ ದೊರೆತದ್ದೂ ಕೈಕಾಲುಗಳ ರಕ್ತನಾಳ ಮುಚ್ಚಿಸುವ ಬರ್ಗರ್ ಕಾಯಿಲೆಗೇ ಹೊರತು ಮೂತ್ರಪಿಂಡಕ್ಕಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಈ ವಿಷಯದಲ್ಲಿ ಖಚಿತವಾಗಿದೆ: ಪುರಾವೆ ಸಿದ್ಧವಾಗದ ಆಕರಕೋಶ ಬಳಕೆ ಅನುಮೋದಿತ ಪ್ರಯೋಗದ ಚೌಕಟ್ಟಿನಲ್ಲಷ್ಟೇ ನಡೆಯಬೇಕು. ಪ್ರಯೋಗಕ್ಕೆ ಒಳಗಾಗುವವರಿಂದ ಅದರ ವೆಚ್ಚ ವಸೂಲಿ ಮಾಡುವಂತಿಲ್ಲವೆಂಬುದು ಸಂಶೋಧನಾ ನೀತಿಯ ಮೂಲ ಪಾಠ. ಹೀಗಿರುವಾಗ ಲಕ್ಷಾಂತರ ರೂಪಾಯಿ ಕೇಳಿ ಗುಣಪಡಿಸುವ ಭರವಸೆ ನೀಡುವವರಿದ್ದರೆ, ಆ ಪ್ರಯೋಗ ರಾಷ್ಟ್ರೀಯ ನೋಂದಣಿಯಲ್ಲಿ ದಾಖಲಾಗಿದೆಯೇ, ನೈತಿಕ ಸಮಿತಿ ಒಪ್ಪಿದೆಯೇ ಎಂದು ಕೇಳುವುದು ರೋಗಿಯ ಹಕ್ಕು.

ಡಯಾಲಿಸಿಸ್‌ನ ಭಯದಲ್ಲಿರುವ ಕುಟುಂಬ ಹೊಲ ಮಾರಿಯಾದರೂ ಹೊಸ ಚಿಕಿತ್ಸೆಗೆ ಮುಂದಾಗುವುದು ಸಹಜ. ಆ ಹಣ ವ್ಯರ್ಥವಾದರೆ ನಷ್ಟ ಹಣದ್ದಷ್ಟೇ ಅಲ್ಲ. ರಕ್ತದೊತ್ತಡದ ಮಾತ್ರೆ, ಧೂಮಪಾನ ತ್ಯಾಗ, ನಿಯಮಿತ ತಪಾಸಣೆಗಳಿಂದ ಉಳಿಸಿಕೊಳ್ಳಬಹುದಾಗಿದ್ದ ಮೂತ್ರಪಿಂಡವೂ ಕೈತಪ್ಪೀತು. ಸಂಶೋಧನೆ ಮುಂದುವರಿಯಲಿ, ಅದು ಮುಗಿಯುವ ಮುನ್ನ ಮಾರಾಟ ಆರಂಭವಾಗದಿರಲಿ.