ಗಾಳದ ಮೆತ್ತನೆಯ ಎರೆಯೂ ಅದಕ್ಕೆ ತಕ್ಕ ದ್ರವ ಪ್ಲಾಸ್ಟಿಕ್ಕೂ

ಮುರಲ್ ಎಂದೂ ಕೊರಮೀನೆಂದೂ ಕರೆಯಲ್ಪಡುವ ಬೇಟೆಯ ಮೀನನ್ನು ಹಿಡಿಯುವುದಕ್ಕೆ ಕಪ್ಪೆಯನ್ನೋ ಎರೆಹುಳುವನ್ನೋ ಗಾಳಕ್ಕೆ ಚುಚ್ಚುವುದು ಹಿಂದಿನಿಂದ ನಡೆದುಬಂದ ಪದ್ಧತಿ. ಈಚೆಗೆ ಗ್ರಾಮಾಂತರದ ತರುಣರಲ್ಲಿ ಕೆಲವರು ಜೀವಂತ ಎರೆಯನ್ನು ಬಿಟ್ಟು, ಕಪ್ಪೆ, ಹುಳು, ಸಣ್ಣ ಮೀನು ಇವುಗಳ ಆಕಾರದ ಮೆತ್ತನೆಯ ಕೃತಕ ಎರೆಯನ್ನು ಉಪಯೋಗಿಸತೊಡಗಿರುವರು. ಕೊರಮೀನಿನ ಹಲ್ಲಿಗೆ ಸಿಕ್ಕಿದ ಎರೆಯು ಒಂದೆರಡು ಸಲದಲ್ಲಿಯೇ ಹರಿದುಹೋಗುವುದಾದಕಾರಣ, ಅಂಗಡಿಯಿಂದ ಮೇಲಿಂದಮೇಲೆ ಕೊಳ್ಳುವುದಕ್ಕಿಂತ ಮನೆಯಲ್ಲಿಯೇ ಎರಕ ಹೊಯ್ದುಕೊಳ್ಳುವ ಯೋಚನೆಯು ಹುಟ್ಟುವುದು ಸಹಜ. ಇದು ನಿಂದಿಸತಕ್ಕ ಕೆಲಸವಲ್ಲ. ಆದರೆ ಎರಕಕ್ಕೆ ಬೇಕಾದ ದ್ರವ ಪ್ಲಾಸ್ಟಿಕ್ಕನ್ನು ಕೊಳ್ಳುವಾಗ ಬೆಲೆಯೊಂದನ್ನೇ ನೋಡುವುದು ಸರಿಯಲ್ಲ. ಆ ಸರಕಿನ ಹೊಗೆಯನ್ನು ಕುಡಿಯುವವರು ಮನೆಯ ಜನ. ಆ ಎರೆಯು ಕಳಚಿ ಬೀಳುವುದು ಊರಿನ ಕೆರೆಯಲ್ಲಿ ಅಥವಾ ಜಮೀನಿನ ಒಡೆಯನ ಹೊಂಡದಲ್ಲಿ. ಆದುದರಿಂದ ಈ ಆಯ್ಕೆಯು ಹುಡುಗರ ಆಟದ ವಿಷಯವೆಂದು ಗ್ರಾಮದ ಹಿರಿಯರು ಸುಮ್ಮನಿರತಕ್ಕದ್ದಲ್ಲ.

ಈ ಸರಕು ಯಾವುದರಿಂದ ಆದುದೆಂಬುದನ್ನು ಮೊದಲು ತಿಳಿಯಬೇಕು. ಪಂಪುಸೆಟ್ಟಿನ ನೀರು ಹಾಯಿಸುವ ಪಿ.ವಿ.ಸಿ. ಕೊಳವೆಯನ್ನು ಎಲ್ಲ ರೈತರೂ ಬಲ್ಲರು. ಅದೇ ಪಿ.ವಿ.ಸಿ. ರಾಳದ ನುಣ್ಣನೆಯ ಪುಡಿಯನ್ನು ಮೆದುಕಾರಕವೆಂಬ ಎಣ್ಣೆಯಂತಹ ದ್ರವದಲ್ಲಿ ತೇಲಿಸಿದರೆ ಹಾಲಿನಂತೆ ಬೆಳ್ಳಗಿರುವ ಪ್ಲಾಸ್ಟಿಸಾಲ್ ಆಗುವುದು. ಇದನ್ನು ಸುಮಾರು 175 ಡಿಗ್ರಿ ಸೆಂಟಿಗ್ರೇಡಿಗೆ ಕಾಯಿಸಿದಾಗ ಮೊದಲು ಮುದ್ದೆಗಟ್ಟಿ, ಅನಂತರ ತಿಳಿಯಾಗಿ ಕರಗಿ, ಅಚ್ಚಿನಲ್ಲಿ ಆರಿದ ಮೇಲೆ ರಬ್ಬರಿನಂತೆ ಬಳಕುವುದು. ಎಣ್ಣೆಯಿಲ್ಲದೆ ಕೊಳವೆ, ಎಣ್ಣೆಯಿದ್ದರೆ ಎರೆ. ಅತಿ ಮೆತ್ತನೆಯ ಎರೆಯಲ್ಲಿ ರಾಳಕ್ಕಿಂತ ಎಣ್ಣೆಯ ಪಾಲೇ ಹೆಚ್ಚು. ಬಿರುಸಾದ ಈ ರಾಳವನ್ನು ಹೀಗೆ ಮೆತ್ತಗೆ ಮಾಡುವ ವಿಧಾನವನ್ನು 1926ರಲ್ಲಿ ವಾಲ್ಡೋ ಸೆಮನ್ ಎಂಬ ರಸಾಯನಶಾಸ್ತ್ರಜ್ಞನು ಅಮೆರಿಕದ ಓಹಾಯೋ ಸಂಸ್ಥಾನದ ಆಕ್ರನ್ ಪಟ್ಟಣದಲ್ಲಿ ಕಂಡುಹಿಡಿದನು. ಅದೇ ಪಟ್ಟಣದ ನಿಕ್ ಕ್ರೀಮ್ ಎಂಬಾತನು 1949ರಲ್ಲಿ ಪ್ಲಾಸ್ಟಿಕ್ಕಿನ ಎರೆಹುಳುವನ್ನು ಮನೆಯಲ್ಲಿಯೇ ಎರಕಹೊಯ್ದನು. ಮನೆಯ ಕಸುಬಾಗಿಯೇ ಆರಂಭವಾದ ಈ ಪದಾರ್ಥವನ್ನು ಮತ್ತೆ ಮನೆಗೆ ತರುವುದರಲ್ಲಿ ಹೊಸತೇನೂ ಇಲ್ಲ.

ಪ್ಲಾಸ್ಟಿಸಾಲ್ ಎಂಬ ಹೆಸರೊಂದಿದ್ದ ಮಾತ್ರಕ್ಕೆ ಎಲ್ಲವೂ ಎರೆಗೆ ಯೋಗ್ಯವೆಂದು ತಿಳಿಯಬಾರದು. ಬನಿಯನ್ನುಗಳ ಮೇಲೆ ಚಿತ್ರಗಳನ್ನು ಅಚ್ಚೊತ್ತುವ ಬಣ್ಣವೂ ಪ್ಲಾಸ್ಟಿಸಾಲೇ. ಇಕ್ಕಳದ ಹಿಡಿಗೆ ಹೊದಿಸುವ ಕವಚವೂ ಅದೇ. ಅಂತಹ ಕಾರ್ಖಾನೆಗಳಿಂದ ಮಿಕ್ಕ ಸರಕನ್ನು ಡಬ್ಬಕ್ಕೆ ಹೆಸರಿಲ್ಲದೆ ಅಗ್ಗವಾಗಿ ಮಾರುವವರು ಎದುರಾದರೆ ಕೊಳ್ಳದಿರುವುದೇ ಲೇಸು. ಅವು ಬಟ್ಟೆಗೆ ಅಂಟುವುದಕ್ಕೂ ತೆಳುವಾಗಿ ಹರಡುವುದಕ್ಕೂ ಸಿದ್ಧಪಡಿಸಿದವು. ನೀರಿನಲ್ಲಿ ಕಪ್ಪೆಯ ಕಾಲಿನಂತೆ ಆಡುವುದಕ್ಕಲ್ಲ. ಅವುಗಳಲ್ಲಿ ಸೇರಿರುವ ಎಣ್ಣೆ ಯಾವುದು, ತುಂಬಿಕೆಯ ಪುಡಿ ಯಾವುದು ಎಂಬುದನ್ನು ಕೊಳ್ಳುವವನು ತಿಳಿಯುವ ಮಾರ್ಗವೂ ಇಲ್ಲ.

ಮುಖ್ಯವಾದ ಪರೀಕ್ಷೆಯು ಈ ಎಣ್ಣೆಯದೇ. ಬಹುಕಾಲ ಇದಕ್ಕೆ ಥ್ಯಾಲೇಟ್ ಜಾತಿಯ ದ್ರವಗಳನ್ನೇ ಉಪಯೋಗಿಸುತ್ತಿದ್ದರು. ಇವು ರಾಳದೊಡನೆ ಬಿಡದಂತೆ ಕೂಡಿಕೊಳ್ಳುವುದಿಲ್ಲ. ಎರೆಯಿಂದ ಮೆಲ್ಲಮೆಲ್ಲನೆ ಹೊರಕ್ಕೆ ಒಸರುತ್ತವೆ. ಇವುಗಳಲ್ಲಿ ಕೆಲವು ದೇಹದ ಗ್ರಂಥಿಗಳ ಕೆಲಸಕ್ಕೆ ಬಾಧಕವೆಂದು ಕಂಡುಬಂದ ಮೇಲೆ ಅಮೆರಿಕದಲ್ಲಿ 2008ರ ಕಾನೂನು ಮಕ್ಕಳ ಆಟಿಕೆಗಳಲ್ಲಿ ಅವುಗಳನ್ನು ನಿರ್ಬಂಧಿಸಿತು. ಯೂರೋಪಿನ ಒಕ್ಕೂಟವು 2020ರ ಜುಲೈಯಿಂದ ನಾಲ್ಕು ಬಗೆಯ ಥ್ಯಾಲೇಟುಗಳಿಗೆ ಬಹುತೇಕ ಬಳಕೆಯ ವಸ್ತುಗಳಲ್ಲಿ ನೂರಕ್ಕೆ 0.1 ತೂಕದ ಮಿತಿಯನ್ನು ಗೊತ್ತುಮಾಡಿತು. ಥ್ಯಾಲೇಟ್ ಇಲ್ಲದ ಎರೆಯ ಪ್ಲಾಸ್ಟಿಕ್ಕು ಈಗ ದೊರೆಯುತ್ತದೆ. ಡಬ್ಬದ ಮೇಲೆ ಆ ಮಾತು ಸ್ಪಷ್ಟವಾಗಿ ಬರೆದಿದ್ದು, ತಯಾರಕರ ಹೆಸರೂ ಇರುವ ಸರಕನ್ನೇ ಕೊಳ್ಳತಕ್ಕದ್ದು. ಬೆಲೆ ಸ್ವಲ್ಪ ಹೆಚ್ಚಾದರೂ ಚಿಂತೆಯಿಲ್ಲ. ನಾಲ್ವರು ತರುಣರು ಕೂಡಿ ಒಳ್ಳೆಯ ಡಬ್ಬವೊಂದನ್ನು ಕೊಂಡರೆ ಒಬ್ಬೊಬ್ಬನ ಪಾಲಿಗೆ ಬೀಳುವ ಖರ್ಚು ದೊಡ್ಡದಾಗದು.

ಎರಡನೆಯದು ಮೆದುತನ. ಬಹು ಮೆತ್ತಗಿರುವುದೇ ಉತ್ತಮವೆಂಬ ಭ್ರಮೆ ಹೊಸಬರಲ್ಲಿ ಹೆಚ್ಚು. ಹುಳುವಿನ ಬಾಲಕ್ಕೆ ಅದು ಸರಿಯೇ. ಆದರೆ ಜೊಂಡಿನ ನಡುವೆ ಕೊರಮೀನಿಗೆ ಹಾಕುವ ಕಪ್ಪೆಯಲ್ಲಿ ಗಾಳದ ಮೊನೆಯನ್ನು ಮೈಯೊಳಗೆ ಹುದುಗಿಸಿಟ್ಟಿರುತ್ತಾರೆ. ಇಲ್ಲದಿದ್ದರೆ ಅದು ಕಳೆಗೆ ಸಿಕ್ಕಿಕೊಳ್ಳುವುದು. ಮೀನು ಕಚ್ಚಿ ದಾರವನ್ನು ಎಳೆದಾಗ ಮೊನೆಯು ಮೈಯನ್ನು ಭೇದಿಸಿ ಹೊರಬರಬೇಕು. ಎರೆ ಬಿರುಸಾದರೆ ಮೊನೆ ಹೊರಬರುವುದಿಲ್ಲ, ಮೀನು ತಪ್ಪಿಹೋಗುವುದು. ಅತಿ ಮೆದುವಾದರೆ ಎಸೆಯುವಾಗಲೇ ಗಾಳದಿಂದ ಹರಿದು ಬೀಳುವುದು, ಕೆರೆಗೆ ಕಸವಾಗುವುದು. ಆದಕಾರಣ ಮಧ್ಯಮ ದರ್ಜೆಯನ್ನು ಕೊಂಡು, ಕಾಲುಗಳನ್ನು ಅಚ್ಚಿನಲ್ಲಿಯೇ ತೆಳುವಾಗಿಸಿ ಆಟ ಬರಿಸುವುದು ಜಾಣತನ. ತೂಕಕ್ಕಾಗಿ ಉಪ್ಪನ್ನು ಬೆರೆಸುವ ರೂಢಿಯೂ ಉಂಟು. ಉಪ್ಪು ಎರೆಯನ್ನು ಬೇಗ ಹರಿಯುವಂತೆ ಮಾಡುವುದರಿಂದ ನೀರಿನ ಮೇಲ್ಭಾಗದಲ್ಲಿ ಎಳೆಯುವ ಕಪ್ಪೆಗೆ ಅದು ಅನಾವಶ್ಯಕ.

ಮೂರನೆಯದು ಶಾಖವನ್ನು ತಾಳುವ ಗುಣ. ಒಳ್ಳೆಯ ಸರಕಿನಲ್ಲಿ ತಾಪರಕ್ಷಕವೊಂದನ್ನು ಸೇರಿಸಿರುತ್ತಾರೆ. ಅದು ಸಾಲದಿದ್ದರೆ ಎರಡನೆಯ ಸಲ ಕರಗಿಸುವಾಗಲೇ ಹಳದಿಯಾಗಿ, ಮುಂದೆ ಕಂದಿ, ಹೈಡ್ರೋಜನ್ ಕ್ಲೋರೈಡ್ ಎಂಬ ಉಸಿರುಗಟ್ಟಿಸುವ ಅನಿಲವನ್ನು ಬಿಡುವುದು. ತೇವ ಸೋಕಿದೊಡನೆ ಅದು ಆಮ್ಲವಾಗುವುದಾದ್ದರಿಂದ ಕಣ್ಣನ್ನೂ ಶ್ವಾಸಕೋಶವನ್ನೂ ಉರಿಸುವುದು. ಮೊದಲು ಸಣ್ಣ ಡಬ್ಬವೊಂದನ್ನು ಮಾತ್ರ ತರಿಸಿ, ಚೆನ್ನಾಗಿ ಕುಲುಕಿ, ತಳದಲ್ಲಿ ರಾಳವು ಗಟ್ಟಿಯಾಗಿ ಕಚ್ಚಿಕೊಂಡಿದೆಯೇ ಎಂದು ಕಡ್ಡಿಯಿಂದ ನೋಡಬೇಕು. ಬಣ್ಣ ಹಾಕದೆ ಒಂದು ತುಂಡನ್ನು ಎರಕಹೊಯ್ದು, ಅದನ್ನೇ ಮತ್ತೆ ಎರಡು ಮೂರು ಸಲ ಕರಗಿಸಿ ಹಳದಿ ತಿರುಗುವುದೋ ಎಂದು ಪರೀಕ್ಷಿಸಬೇಕು. ಇನ್ನೊಂದು ತುಂಡನ್ನು ಕಾಗದದ ಮೇಲೆ ಕೆಲವು ದಿನ ಬಿಟ್ಟರೆ ಎಣ್ಣೆ ಎಷ್ಟು ಒಸರುವುದೆಂಬುದು ಕಲೆಯಿಂದಲೇ ತಿಳಿಯುವುದು.

ಕಾಯಿಸುವ ಸ್ಥಳದ ವಿಷಯದಲ್ಲಿ ರಾಜಿಯಿಲ್ಲ. ಅಡಿಗೆಮನೆಯಲ್ಲಿ ಕೂಡದು, ಗಾಳಿಯಾಡುವ ಹಜಾರದಲ್ಲಿಯೋ ಅಂಗಳದಲ್ಲಿಯೋ ಆಗಬೇಕು. ಸೌದೆಯ ಉರಿಯಲ್ಲಿ ತಳ ಹತ್ತುವುದರಿಂದ ಶಾಖವನ್ನು ತಗ್ಗಿಸಬಹುದಾದ ವಿದ್ಯುತ್ ಒಲೆಯನ್ನೂ, ತಾಪಮಾಪಕವನ್ನೂ ಉಪಯೋಗಿಸತಕ್ಕದ್ದು. ಒಮ್ಮೆ ಇದಕ್ಕೆ ಬಳಸಿದ ಪಾತ್ರೆಯು ಮತ್ತೆ ಅಡಿಗೆಗೆ ಬರಕೂಡದು. ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನ ಅಚ್ಚಿನಲ್ಲಿ ತೇವ ಉಳಿದಿದ್ದರೆ, ಅಥವಾ ಬೆವರಿನ ಹನಿಯೊಂದು ಬಿದ್ದರೂ, ನೀರು ಹಬೆಯಾಗಿ ಕಾದ ಪ್ಲಾಸ್ಟಿಕ್ಕನ್ನು ಮುಖಕ್ಕೆ ಸಿಡಿಸುವುದು. ಬಿಸಿ ಎಣ್ಣೆಯಾದರೆ ಹರಿದುಹೋಗುವುದು, ಇದು ಚರ್ಮಕ್ಕೆ ಅಂಟಿಕೊಂಡು ಸುಡುವುದು. ಕೈಚೀಲವೂ ಕನ್ನಡಕವೂ ಇಲ್ಲದೆ ಹುಡುಗರನ್ನು ಹತ್ತಿರ ಬಿಡುವ ಯಜಮಾನನು ತಪ್ಪಿತಸ್ಥನೇ ಸರಿ.

ಎರೆಯೊಂದು ಕಳೆದುಹೋದರೆ ಕೆರೆಗೇನು ನಷ್ಟವೆಂದು ಕೆಲವರು ವಾದಿಸುವರು. ಒಂದರಿಂದ ಏನೂ ಆಗದಿರಬಹುದು. ಆದರೆ ಇದು ಕೊಳೆಯುವ ಪದಾರ್ಥವಲ್ಲ, ಮೀನು ನುಂಗಿದರೆ ಜೀರ್ಣವೂ ಆಗದು. ಅಮೆರಿಕದ ಮೇನ್ ಸಂಸ್ಥಾನದಲ್ಲಿ ಇಂತಹ ಎರೆಗಳನ್ನೇ ನಿಷೇಧಿಸಬೇಕೆಂಬ ಮಸೂದೆಯು 2013ರಲ್ಲಿ ಶಾಸನಸಭೆಯ ಮುಂದೆ ಬಂದಿತ್ತು. ಅದು ಆ ರೂಪದಲ್ಲಿ ಅಂಗೀಕೃತವಾಗಲಿಲ್ಲ. ಅಷ್ಟು ದೂರ ಹೋಗಬೇಕಾದ ಕಾರಣ ಇಲ್ಲಿಯೂ ಕಾಣುವುದಿಲ್ಲ. ಕೆರೆಯ ಮೀನಿನ ಹಕ್ಕನ್ನು ಗುತ್ತಿಗೆಗೆ ಪಡೆದವನ ಒಪ್ಪಿಗೆಯಿಲ್ಲದೆ ಗಾಳ ಹಾಕಬಾರದೆಂಬುದೂ, ಹರಿದ ಎರೆಯನ್ನು ನೀರಿಗೆ ಎಸೆಯಬಾರದೆಂಬುದೂ ಊರಿನಲ್ಲಿ ಕಟ್ಟುನಿಟ್ಟಾಗಿದ್ದರೆ ಸಾಕು. ಕೆಂಪು ಮರಿಗಳ ಹಿಂಡನ್ನು ಕಾಯುತ್ತಿರುವ ಕೊರಮೀನಿನ ಮುಂದೆ ಎರೆ ಹಾಕುವುದನ್ನೂ ಇದರೊಡನೆ ತಡೆಯುವುದು ಒಳ್ಳೆಯದು. ತಾಯಿತಂದೆಗಳನ್ನು ಹಿಡಿದರೆ ಆ ಹಿಂಡೆಲ್ಲವೂ ಇತರ ಮೀನುಗಳ ಪಾಲು.

ಹರಿದ ತುಂಡುಗಳು ವ್ಯರ್ಥವಲ್ಲ. ಒಂದೇ ತಯಾರಕರ ಸರಕಿನವಾದರೆ ಅವನ್ನು ಕೂಡಿಸಿ ಮತ್ತೆ ಕರಗಿಸಿ ಎರಕಹೊಯ್ಯಬಹುದು. ಬಣ್ಣಗಳು ಬೆರೆತು ಕಪ್ಪಾದರೂ ಕಪ್ಪೆಗೆ ಅಡ್ಡಿಯಿಲ್ಲ. ಅವನ್ನು ಗಾಜಿನ ಶೀಸೆಯಲ್ಲಿ ಇಡುವುದು ಮೇಲು. ಇವುಗಳಿಂದ ಒಸರುವ ಎಣ್ಣೆಯು ಗಟ್ಟಿ ಪ್ಲಾಸ್ಟಿಕ್ಕಿನ ಕೆಲವು ಬಗೆಯ ಪೆಟ್ಟಿಗೆಗಳನ್ನೇ ಕರಗಿಸಿಬಿಡುವುದುಂಟು.