ನೆಲಕ್ಕೆ ಬಿದ್ದದ್ದನ್ನೂ ಅಳೆಯಬೇಕು

ಗಾಳಿಯಲ್ಲಿ ತೇಲುತ್ತಿರುವ ದೂಳನ್ನು ಅಳೆಯಲು ಸರ್ಕಾರಗಳು ತೋರುವ ಆಸಕ್ತಿ, ಆ ದೂಳು ಕೊನೆಗೆ ಎಲ್ಲಿ ಬಿತ್ತು, ಎಷ್ಟು ಬಿತ್ತು ಎಂದು ತಿಳಿಯುವುದರಲ್ಲಿ ಕಾಣುವುದಿಲ್ಲ. ಈ ನಿರ್ಲಕ್ಷ್ಯದಿಂದ ಎಂಥ ಸತ್ಯ ಮುಚ್ಚಿಹೋಗಬಹುದು ಎಂಬುದಕ್ಕೆ ಕೆನಡಾದ ಆಲ್ಬರ್ಟಾ ಪ್ರಾಂತ್ಯ ಸಾಕ್ಷಿ. ಅಲ್ಲಿ ಅಥಬಾಸ್ಕ ನದಿಯ ಆಸುಪಾಸಿನ ಮರಳಿನಲ್ಲಿ ಬಿಟುಮೆನ್ ಎಂಬ ಟಾರಿನಂಥ ಎಣ್ಣೆ ಬೆರೆತಿದೆ. ಅದನ್ನು ಅಗೆದು ಕಚ್ಚಾತೈಲವಾಗಿಸುವ ಬೃಹತ್ ಸ್ಥಾವರಗಳಿವೆ. ನದಿಯಲ್ಲಿ ಸಿಗುವ ವಿಷಕಾರಿ ಅಂಶಗಳು ದಂಡೆಯ ಬಿಟುಮೆನ್ ಸಹಜವಾಗಿ ಸವೆದು ಬಂದವು ಎಂದೇ ಉದ್ಯಮದ ಹಣದಲ್ಲಿ ನಡೆಯುತ್ತಿದ್ದ ನಿಗಾ ಕಾರ್ಯಕ್ರಮ ಹೇಳುತ್ತಿತ್ತು. 2008ರ ಚಳಿಗಾಲದ ಕೊನೆಯಲ್ಲಿ ವಿಜ್ಞಾನಿಗಳಾದ ಎರಿನ್ ಕೆಲ್ಲಿ, ಡೇವಿಡ್ ಶಿಂಡ್ಲರ್ ಮತ್ತು ಸಂಗಡಿಗರು ಅಲ್ಲಿನ ಹಿಮವನ್ನು ಸಂಗ್ರಹಿಸಿ ಪರೀಕ್ಷಿಸಿದರು. ಸ್ಥಾವರಗಳ ಸುತ್ತಲಿನ 50 ಕಿಲೋಮೀಟರ್ ವ್ಯಾಪ್ತಿಯಲ್ಲಿ ನಾಲ್ಕೇ ತಿಂಗಳಲ್ಲಿ ಸುಮಾರು 11,400 ಟನ್ ಕಣಗಳು ಹಿಮದ ಮೇಲೆ ಬಿದ್ದಿದ್ದವು. ಅವುಗಳಲ್ಲಿ 391 ಕಿಲೋಗ್ರಾಂ ಪಾಲಿಸೈಕ್ಲಿಕ್ ಆರೋಮ್ಯಾಟಿಕ್ ಸಂಯುಕ್ತಗಳಿದ್ದವು. ಈ ಗುಂಪಿನ ಕೆಲವು ಕ್ಯಾನ್ಸರ್ ತರಬಲ್ಲವು. ಆಮೇಲೆ ಪ್ರಕಟವಾದ ಅವರ ಎರಡನೆಯ ಪ್ರಬಂಧ ಪಾದರಸ, ಸೀಸ, ಆರ್ಸೆನಿಕ್‌ಗಳ ಲೆಕ್ಕವನ್ನೂ ಕೊಟ್ಟಿತು.

ಹಿಮವನ್ನೇ ಆರಿಸಿದ್ದರಲ್ಲಿ ವಿಜ್ಞಾನದ ಜಾಣ್ಮೆಯಿದೆ. ಆ ಸೀಮೆಯಲ್ಲಿ ತಿಂಗಳುಗಟ್ಟಲೆ ಹಿಮ ಕರಗುವುದೇ ಅಪರೂಪ. ಹೀಗಾಗಿ ಬಿದ್ದದ್ದೆಲ್ಲ ಪದರ ಪದರವಾಗಿ ಉಳಿಯುತ್ತದೆ. ಕರಗುವ ಮುನ್ನ ನೆಲದವರೆಗೂ ಕೊಳವೆ ಇಳಿಸಿ ಪೂರ್ತಿ ಪದರವನ್ನು ತೆಗೆದರೆ ಇಡೀ ಚಳಿಗಾಲದಲ್ಲಿ ಚದರ ಮೀಟರಿಗೆ ಎಷ್ಟು ಬಿತ್ತೆಂದು ಲೆಕ್ಕ ಹಾಕಬಹುದು. ‘ಎಲ್ಲ ಸಹಜ’ ಎಂಬ ವಾದ ಕುಸಿದದ್ದೂ ಇಲ್ಲಿಯೇ. ಚಳಿಗಾಲದಲ್ಲಿ ದಂಡೆಗಳು ಹೆಪ್ಪುಗಟ್ಟಿ ಹಿಮದಡಿ ಹುದುಗಿರುತ್ತವೆ. ಅಲ್ಲಿಂದ ಬಿಟುಮೆನ್ ಹಾರಿ ಬಂದು ಹಿಮದ ಮೇಲೆ ಕೂರುವುದು ಹೇಗೆ? ಸ್ಥಾವರಗಳಿಂದ ದೂರ ಸರಿದಂತೆ ಮಾಲಿನ್ಯ ಇಳಿಯುತ್ತಾ ಹೋದದ್ದು ಮೂಲವನ್ನು ಬೆರಳಿಟ್ಟು ತೋರಿಸಿತು.

ಆಕ್ಷೇಪಗಳು ಇಲ್ಲದಿಲ್ಲ. ಗಾಳಿ ಹಿಮವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಗುಡಿಸುತ್ತದೆ, ಒಂದು ಚಳಿಗಾಲದ ಅಂಕಿಯಿಂದ ದಶಕಗಳ ಕಥೆ ಹೇಳಲಾಗದು ಎನ್ನುವುದು ನ್ಯಾಯವಾದ ಮಾತೇ. ಅದಕ್ಕೆ ಪರಿಹಾರ ಹೆಚ್ಚು ಜಾಗಗಳಲ್ಲಿ, ವರ್ಷವರ್ಷವೂ ಅಳೆಯುವುದು, ಅಳತೆಯನ್ನೇ ಅಲ್ಲಗಳೆಯುವುದಲ್ಲ. ದಶಕಗಳ ಕಥೆಯನ್ನು ಕೆರೆಗಳ ಹೂಳು ಹೇಳಿತು: 2013ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಅಲ್ಲಿನ ಸರೋವರಗಳ ತಳಕ್ಕೆ ಪಾಲಿಸೈಕ್ಲಿಕ್ ಆರೋಮ್ಯಾಟಿಕ್ ಸಂಯುಕ್ತಗಳು ಸೇರುವ ಪ್ರಮಾಣ 1960ರ ಮಟ್ಟಕ್ಕಿಂತ ಎರಡೂವರೆಯಿಂದ 23 ಪಟ್ಟು ಏರಿತ್ತು. ವಸಂತದ ನೆರೆಯಲ್ಲಿ ಎಲ್ಲವೂ ತೆಳುವಾಗಿಬಿಡುತ್ತದೆ ಎಂಬ ಸಮಾಧಾನವನ್ನು ನಾನು ಒಪ್ಪಲಾರೆ. ತಿಂಗಳುಗಳ ಕಾಲ ಕೂಡಿದ್ದು ಕೆಲವೇ ವಾರಗಳಲ್ಲಿ ಹೊಳೆಗಳಿಗೆ ಇಳಿಯುತ್ತದೆ, ಅದೂ ಹಲವು ಮೀನುಗಳು ಮೊಟ್ಟೆಯಿಡುವ ಹೊತ್ತಿಗೆ. ನದಿಯ ಕೆಳಹರಿವಿನ ಫೋರ್ಟ್ ಚಿಪೆವ್ಯಾನ್‌ನ ಮೂಲನಿವಾಸಿಗಳಿಗೆ ಆ ಮೀನು ಬರಿಯ ಅಂಕಿಅಂಶವಲ್ಲ, ಊಟ.

2010ರ ಕೊನೆಗೆ ಕೆನಡಾದ ಕೇಂದ್ರ ಸರ್ಕಾರ ನೇಮಿಸಿದ ತಜ್ಞರ ಸಮಿತಿಯೂ ಹಳೆಯ ನಿಗಾ ವ್ಯವಸ್ಥೆಯ ಕೊರತೆಗಳನ್ನು ಎತ್ತಿ ಹೇಳಿತು. 2012ರಲ್ಲಿ ಕೇಂದ್ರ ಮತ್ತು ಪ್ರಾಂತ್ಯ ಸರ್ಕಾರಗಳು ಜಂಟಿ ನಿಗಾ ಯೋಜನೆ ಪ್ರಕಟಿಸಿದವು. ಹೊರಗಿನ ವಿಜ್ಞಾನಿಗಳು ಹಿಮ ಅಗೆಯದಿದ್ದರೆ ಇಷ್ಟು ಬೇಗ ಇದು ಆಗುತ್ತಿತ್ತೆಂದು ನನಗನ್ನಿಸುವುದಿಲ್ಲ. ಇಂಥ ಅಳತೆಯ ಖರ್ಚನ್ನು ಮಾಲಿನ್ಯ ಮಾಡುವ ಕಂಪನಿಗಳೇ ಭರಿಸಲಿ. ಆದರೆ ಎಲ್ಲಿ ಅಗೆಯಬೇಕು, ಏನನ್ನು ಪರೀಕ್ಷಿಸಬೇಕು, ಫಲಿತಾಂಶ ಯಾವಾಗ ಪ್ರಕಟವಾಗಬೇಕು ಎಂಬ ತೀರ್ಮಾನ ಅವುಗಳ ಕೈಯಲ್ಲಿರಕೂಡದು.