ಮಹಿಷಿ ವರದಿ ಅಂತ ಕೂಗುವವರಿಗೆ ಶಿರಹಟ್ಟಿ ಸೀಮೆಯಿಂದ ನಾಲ್ಕು ಮಾತು

ನವೆಂಬರ್ 1 ಬಂತೆಂದರೆ ಗದಗ-ಬೆಟಗೇರಿಯಿಂದ ಮುಂಡರಗಿ ತನಕ ಒಂದೇ ಭಾಷಣ: 'ಸರೋಜಿನಿ ಮಹಿಷಿ ವರದಿ ಜಾರಿ ಆಗಲೇಬೇಕು.' ಚಪ್ಪಾಳೆ, ಡಿಜೆ, ಮುಗೀತು. ಆ ಮಹಿಷಿಯವರು 1927ರಲ್ಲಿ ಹುಟ್ಟಿದ್ದು ಇದೇ ಶಿರಹಟ್ಟಿಯಲ್ಲಿ ಅನ್ನೋದು ಭಾಷಣ ಮಾಡುವವರಿಗೇ ಎಷ್ಟೋ ಸಲ ಗೊತ್ತಿರುವುದಿಲ್ಲ. ವರದಿಯೊಳಗೆ ಏನಿದೆ ಅನ್ನೋದಂತೂ ದೂರದ ಮಾತು.

ಅದನ್ನೇ ಮೊದಲು ಹೇಳಿಬಿಡುತ್ತೇವೆ. 1983ರಲ್ಲಿ ರಾಮಕೃಷ್ಣ ಹೆಗಡೆ ಸರ್ಕಾರ ಸಮಿತಿ ಮಾಡಿತು, 1986ರಲ್ಲಿ ಅಂತಿಮ ವರದಿ ಬಂತು. ಒಟ್ಟು 58 ಶಿಫಾರಸು, ಸರ್ಕಾರ ಒಪ್ಪಿದ್ದು 45. ಕೇಂದ್ರದ ಉದ್ದಿಮೆಗಳಲ್ಲಿ ಸಿ ಮತ್ತು ಡಿ ದರ್ಜೆಯ ಕೆಲಸವೆಲ್ಲ ಕನ್ನಡಿಗರಿಗೇ ಸಿಗಬೇಕು ಅನ್ನೋದು ಅದರಲ್ಲಿ ದೊಡ್ಡದು. 2024ರ ಜುಲೈನಲ್ಲಿ ರಾಜ್ಯ ಸಂಪುಟ ಖಾಸಗಿ ಕಂಪನಿಗಳಿಗೂ ಸ್ಥಳೀಯರ ಮೀಸಲಾತಿ ಮಸೂದೆ ಒಪ್ಪಿತು. ಬೆಂಗಳೂರಿನ ಉದ್ಯಮಿಗಳು ಗದ್ದಲ ಎಬ್ಬಿಸಿದ ಎರಡೇ ದಿನಕ್ಕೆ ಅದನ್ನು ಮಡಚಿ ಒಳಗಿಟ್ಟಿತು.

ಮಡಚಿಟ್ಟಿದ್ದಕ್ಕೆ ನಾವು ಅಳುವುದಿಲ್ಲ. ಬೈಯುವವರು ಬೈಯಲಿ, ಆದರೆ ಮೊದಲು ಸುಗ್ಗಿ ಮುಗಿದ ಮೇಲೆ ಕಪ್ಪತಗುಡ್ಡದ ಸೆರಗಿನ ಯಾವ ತಾಂಡಾಕ್ಕಾದರೂ ಹೋಗಿ ಬರಲಿ. ಮನೆಮನೆಗೆ ಕೀಲಿ. ಕಟ್ಟೆ ಮೇಲೆ ಮುದುಕರು, ಅವರ ಕಾಲ ಸುತ್ತ ಮೊಮ್ಮಕ್ಕಳು. ದುಡಿಯುವ ಕೈಗಳೆಲ್ಲ ಗೋವಾದಲ್ಲಿ, ಮಂಗಳೂರಿನಲ್ಲಿ, ಬೆಂಗಳೂರಿನ ಕಟ್ಟಡಗಳ ಮೇಲೆ. ಗೋವಾದಲ್ಲಿ 1987ರಿಂದ ಕೊಂಕಣಿ ಆಡಳಿತ ಭಾಷೆ. ಅಲ್ಲಿನವರೂ ನಾಳೆ 'ಗೋವಾದ ಕೆಲಸ ಗೋವಾದವರಿಗೆ' ಅಂತ ಕಾಯ್ದೆ ಮಾಡಿದರೆ ಮೊದಲು ಗಂಟುಮೂಟೆ ಕಟ್ಟುವವರು ಯಾರು? ಭಾಷಣ ಮಾಡಿದವರ ಮಕ್ಕಳಲ್ಲ. ಹರಿಯಾಣದಲ್ಲಿ ಖಾಸಗಿ ಕೆಲಸದ ಶೇ. 75ರಷ್ಟು ಸ್ಥಳೀಯರಿಗೆ ಅಂತ ಮಾಡಿದ ಕಾಯ್ದೆಯನ್ನು 2023ರ ನವೆಂಬರ್‌ನಲ್ಲಿ ಹೈಕೋರ್ಟ್ ಹೊಡೆದುಹಾಕಿತು. ಕೋರ್ಟಿನಲ್ಲಿ ನಿಲ್ಲದ ಕಾಯ್ದೆಯ ಆಸೆ ತೋರಿಸಿ ಓಟು ಕೇಳುವುದು ಸುಲಭ, ಅಷ್ಟೇ.

ಹಾಗಂತ ವರದಿಯೇ ಬೇಡ ಅನ್ನುತ್ತಿಲ್ಲ. ಅದರ ಒಂದು ತುಣುಕನ್ನು ಮಾತ್ರ ನಾವು ಬಿಡುವುದಿಲ್ಲ: ಜನರ ಎದುರು ಕೌಂಟರಿನಲ್ಲಿ ಕೂಡುವವರಿಗೆ ಆ ಜನರ ಭಾಷೆ ಬರಬೇಕು. ಅದು ಕೆಲಸ ಯಾರಿಗೆ ಸಿಗುತ್ತದೆ ಅನ್ನುವ ಪ್ರಶ್ನೆಯಲ್ಲ, ಎದುರು ನಿಂತವರ ಪ್ರಶ್ನೆ.

ವರದಿಗಾರಿಕೆಗೆ ಅಂತ ಈ ನಾಲ್ಕೂ ಊರು ಬಸ್ಸಿನಲ್ಲಿ ಸುತ್ತುವ ನಮಗೆ ಇದು ದಿನಾ ಕಾಣುತ್ತದೆ. ಬಸ್ಸಿನ ಬೋರ್ಡು ಕನ್ನಡದಲ್ಲಿರುತ್ತದೆ. ಲಕ್ಷ್ಮೇಶ್ವರದ ಅಜ್ಜಿ ಯಾರನ್ನೂ ಕೇಳದೆ ಓದಿಕೊಂಡು ಹತ್ತುತ್ತಾಳೆ, ಸೀಟಿಗೆ ಜಗಳಾಡುತ್ತಾಳೆ, ಕಂಡಕ್ಟರನನ್ನು ಬೈಯುತ್ತಾಳೆ. ಅದೇ ಅಜ್ಜಿ ಬ್ಯಾಂಕಿನ ಬಾಗಿಲು ದಾಟಿದ ಕೂಡಲೇ ಮೂಕಿ. ಒಂದು ಶಾಖೆಯಲ್ಲಿ, ಹೆಸರು ಬೇಡ, ಬೆಳೆಸಾಲದ ಕಾಗದ ಹಿಡಿದ ಹಿರಿಯರೊಬ್ಬರು ನಮ್ಮ ಗೆಳತಿಯನ್ನು ಕರೆದು, 'ಯವ್ವಾ, ಇದರಾಗ ಏನ ಬರದಾರ ಸ್ವಲ್ಪ ಓದಿ ಹೇಳವಾ, ಸಹಿ ಮಾಡಂತಾರ' ಅಂದರು. ಹೊಲ ಅವರದು, ಸಾಲ ಅವರದು, ಸಹಿಯೂ ಅವರದೇ. ಕಾಗದ ಮಾತ್ರ ಇಂಗ್ಲಿಷಿನದು.

ಹಿಂದೆ ಮೋಡಿ ಲಿಪಿ ಇತ್ತು. ಲಕ್ಷ್ಮೇಶ್ವರ ಮಿರಜ ಸಂಸ್ಥಾನದಲ್ಲಿತ್ತು, ಶಿರಹಟ್ಟಿ ಸಾಂಗ್ಲಿಯದರಲ್ಲಿ. ಮುಂಬೈ ಕರ್ನಾಟಕದ ಎಷ್ಟೋ ಹಳೆಯ ಹೊಲಮನೆ ಕಾಗದ ಮೋಡಿಯಲ್ಲಿವೆ, ಓದಿಸಲು ಇವತ್ತಿಗೂ ಬಲ್ಲವರನ್ನು ಹುಡುಕಬೇಕು. ಕವಿರಾಜಮಾರ್ಗ ತಿರುಳ್ಗನ್ನಡದ ನಾಡು ಅಂತ ಹೆಸರಿಸಿದ ಊರುಗಳಲ್ಲಿ ಒಂದಾದ ಪುಲಿಗೆರೆ ಇದೇ ಲಕ್ಷ್ಮೇಶ್ವರ. ಇಲ್ಲಿನ ರೈತ ಅಂದೂ ತನ್ನ ಕಾಗದ ತಾನು ಓದಲಿಲ್ಲ, ಇಂದೂ ಓದುತ್ತಿಲ್ಲ.

ಕೌಂಟರಿನ ಹಿಂದೆ ಕೂತ ಬಿಹಾರದ ಹುಡುಗನ ಮೇಲೆ ನಮಗೆ ಸಿಟ್ಟಿಲ್ಲ. ವಿಡಿಯೋ ಮಾಡಿ ಅವನಿಗೆ ಬೈದು ಹಾಕುವವರನ್ನು ಕಂಡರೆ ನಮಗೆ ನಾಚಿಕೆ. ನಮ್ಮ ತಾಂಡಾದ ಹುಡುಗ ಗೋವಾಕ್ಕೆ ಹೋದಂತೆ ಅವನೂ ಹೊಟ್ಟೆಪಾಡಿಗೆ ಬಂದವನು. ವ್ಯತ್ಯಾಸ ಒಂದೇ: ನಮ್ಮವನು ಕೊಂಕಣಿ ಕಲಿಯದಿದ್ದರೆ ಆ ದಿನದ ಕೂಲಿ ಇಲ್ಲ, ಇವನು ಕನ್ನಡ ಕಲಿಯದಿದ್ದರೂ ಪಗಾರ ನಿಲ್ಲುವುದಿಲ್ಲ. ತಪ್ಪು ಅವನನ್ನು ಕಲಿಸದೇ ಕಳಿಸಿದವರದು. ಗ್ರಾಮೀಣ ಬ್ಯಾಂಕುಗಳ ಪರೀಕ್ಷೆಯನ್ನು ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸುತ್ತೇವೆ ಅಂತ ಕೇಂದ್ರ ಹಣಕಾಸು ಸಚಿವರು ಹೇಳಿದ್ದು 2019ರಲ್ಲಿ. ಸರ್ಕಾರಿ ಬ್ಯಾಂಕುಗಳ ಗುಮಾಸ್ತೆ ಪರೀಕ್ಷೆಗೂ ಅದೇ ಆಗಲಿ ಅಂತ ಹಣಕಾಸು ಇಲಾಖೆ ಹೇಳಿದ್ದು 2021ರಲ್ಲಿ. ಬ್ಯಾಂಕು ರಾಷ್ಟ್ರೀಕರಣವಾದದ್ದು 1969ರಲ್ಲಿ. ನಡುವಿನ ಲೆಕ್ಕ ನೀವೇ ಹಾಕಿ.

ಇನ್ನು ರಾಜ್ಯ ಸರ್ಕಾರ. ರಾಜಭಾಷಾ ಕಾಯ್ದೆ ಮಾಡಿದ್ದು 1963ರಲ್ಲಿ, ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ ಮೊನ್ನೆ ಮೊನ್ನೆ ಜಾರಿಗೆ ಬಂತು. ಅಂಗಡಿ ಬೋರ್ಡಿನಲ್ಲಿ ಶೇ. 60 ಕನ್ನಡ ಇರಬೇಕಂತೆ. ಇರಲಿ, ಒಳ್ಳೆಯದೇ. ಆದರೆ ತಾಲೂಕು ಕಚೇರಿಯಿಂದ ಬರುವ 'ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ಉಲ್ಲೇಖಿತ ಪತ್ರದನ್ವಯ' ಅನ್ನುವ ಕನ್ನಡವನ್ನು ಅದೇ ಅಜ್ಜಿಗೆ ಯಾರು ಓದಿ ಹೇಳಬೇಕು? ಅದಕ್ಕೂ ಒಬ್ಬ ಏಜೆಂಟ್, ಅವನಿಗೊಂದು ನೂರು ರೂಪಾಯಿ.

ಸದ್ಯಕ್ಕೆ ನಿಮ್ಮ ಕೈಯಲ್ಲಿರುವುದನ್ನು ಹೇಳುತ್ತೇವೆ. ಗ್ರಾಹಕರು ಬಳಸುವ ಅರ್ಜಿ, ಚಲನ್, ಪಾಸ್‌ಬುಕ್ ಇಂಗ್ಲಿಷ್, ಹಿಂದಿಯ ಜೊತೆ ಆ ಪ್ರದೇಶದ ಭಾಷೆಯಲ್ಲೂ ಇರಬೇಕು ಅನ್ನುವುದು ರಿಸರ್ವ್ ಬ್ಯಾಂಕಿನದೇ ಸೂಚನೆ. ಚೆಕ್ಕನ್ನು ಕನ್ನಡದಲ್ಲಿ ಬರೆಯಬಹುದು, ಅದೂ ಅವರದೇ ಮಾತು. ಈ ಸಲ ಬ್ಯಾಂಕಿಗೆ ಹೋದಾಗ ಕನ್ನಡದ ಅರ್ಜಿ ಕೇಳಿ. ಇಲ್ಲ ಅಂದರೆ ಮ್ಯಾನೇಜರಿಗೆ ಕನ್ನಡದಲ್ಲೇ ದೂರು ಬರೆದುಕೊಟ್ಟು, ಮುಟ್ಟಿದ್ದಕ್ಕೆ ಸೀಲು ಹಾಕಿಸಿಕೊಳ್ಳಿ. 30 ದಿನದೊಳಗೆ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ 14448ಕ್ಕೆ ಫೋನ್ ಹಚ್ಚಿ, ಮುಂದೆ ದೂರು ಹೇಗೆ ಕೊಡಬೇಕು ಅಂತ ಕೇಳಿ. ಸೀಲು ಬಿದ್ದ ಆ ಕಾಗದದ ಫೋಟೋ ನಮಗೂ ಒಂದು ಕಳಿಸಿ.